ಲೆನಾ ನದಿ ಕಡಲು ಸೇರಿದ ಮೇಲೆ ಏನಾಗುತ್ತೆ?

ಹೈಡ್ರಾಲಜಿ ಕ್ಲಾಸಿನಲ್ಲಿ ನಾವೆಲ್ಲ ಒಂದು ಚಿತ್ರ ಬಿಡಿಸಿರುತ್ತೇವೆ. ಒಂದು ಬೆಟ್ಟ, ಅದರ ಮೇಲೆ ಮೋಡ, ಬೆಟ್ಟದಿಂದ ಇಳಿದು ಬರುವ ನದಿ, ಬಲಗಡೆ ಮೂಲೆಯಲ್ಲಿ ಅಲೆ ಅಲೆಯಾಗಿ ಎಳೆದ ಮೂರು ಗೆರೆ. ಆ ಮೂರು ಗೆರೆಯೇ ಸಮುದ್ರ. ನದಿ ಅಲ್ಲಿಗೆ ಮುಟ್ಟಿತು ಅಂದರೆ ಲೆಕ್ಕ ಮುಗಿಯಿತು. ಇನ್‌ಫ್ಲೋ ಇಷ್ಟು, ಔಟ್‌ಫ್ಲೋ ಇಷ್ಟು, ಉತ್ತರದ ಕೆಳಗೆ ಎರಡು ಅಡ್ಡಗೆರೆ. ಪೇಪರ್‌ನಲ್ಲಿ ಬರುವ ಮಾತು ಇನ್ನೂ ಖಡಕ್ಕು: ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ.

ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಸಮುದ್ರ ಅಷ್ಟು ದೊಡ್ಡದು, ನದಿ ಎಷ್ಟರದ್ದು, ಸೇರಿದ ಮೇಲೆ ಕರಗಿ ಹೋಗುತ್ತೆ ಅಷ್ಟೇ ಅಂತ. ಅದು ತಪ್ಪು ಎಂದು ಗೊತ್ತಾಗಲು ಒಂದು ತಣ್ಣನೆಯ ಸಮುದ್ರವನ್ನು ನೋಡಬೇಕು. ಈ ಲೇಖನಕ್ಕೆ ನಾನು ಆರಿಸಿಕೊಂಡಿರುವುದು ಸೈಬೀರಿಯಾದ ಲೆನಾ ನದಿಯನ್ನು ಮತ್ತು ಅದು ಹೋಗಿ ಬೀಳುವ ಲಾಪ್ತೆವ್ ಸಮುದ್ರವನ್ನು.

ಮೊದಲು ನದಿಯ ಪರಿಚಯ. ಬೈಕಲ್ ಸರೋವರದ ಪಶ್ಚಿಮಕ್ಕೆ, ಸರೋವರದಿಂದ ಕೆಲವೇ ಕಿಲೋಮೀಟರ್ ದೂರದ ಬೆಟ್ಟಗಳಲ್ಲಿ ಲೆನಾ ಹುಟ್ಟುತ್ತದೆ. ಪಕ್ಕದಲ್ಲೇ ಇರುವ ಸರೋವರಕ್ಕೆ ಬೀಳದೆ ಉತ್ತರಕ್ಕೆ ಹೊರಟು, ಸುಮಾರು 4,300 ಕಿ.ಮೀ. ಹರಿದು, ಆರ್ಕ್ಟಿಕ್ ತೀರದಲ್ಲಿ ಸುಮಾರು 30,000 ಚದರ ಕಿ.ಮೀ. ಡೆಲ್ಟಾ ಮಾಡಿಕೊಂಡು ಕಡಲು ಸೇರುತ್ತದೆ. ಜಲಾನಯನ ಪ್ರದೇಶ ಸುಮಾರು 25 ಲಕ್ಷ ಚ.ಕಿ.ಮೀ., ಅಂದರೆ ಭಾರತದ ಮುಕ್ಕಾಲು ಪಾಲು. ವರ್ಷಕ್ಕೆ ಹರಿಯುವ ನೀರು ಸುಮಾರು 530 ಘನ ಕಿಲೋಮೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ 18,700 ಟಿಎಂಸಿ. ಕಾವೇರಿ ವಿವಾದದ ಅಂಕಿ ಕೇಳಿ ಬೆಳೆದವರಿಗೆ ಈ ಸಂಖ್ಯೆ ಜೀರ್ಣವಾಗಲು ಸ್ವಲ್ಪ ಹೊತ್ತು ಬೇಕು.

ಆದರೆ ಈ ನೀರು ವರ್ಷವಿಡೀ ಸಮನಾಗಿ ಬರುವುದಿಲ್ಲ. ಲೆನಾ ಕಣಿವೆಯ ಹೆಚ್ಚಿನ ಭಾಗದಲ್ಲಿ ನೆಲದ ಕೆಳಗೆ ಪರ್ಮಾಫ್ರಾಸ್ಟ್ ಇದೆ, ಅಂದರೆ ಸದಾ ಹೆಪ್ಪುಗಟ್ಟಿರುವ ಮಣ್ಣು. ವಸಂತದಲ್ಲಿ ಹಿಮ ಕರಗಿದಾಗ ನೀರು ಇಂಗಲು ಜಾಗವೇ ಇರುವುದಿಲ್ಲ. ಕಾಂಕ್ರೀಟ್ ಅಂಗಳದ ಮೇಲೆ ಬಿದ್ದ ಮಳೆಯ ಹಾಗೆ ಎಲ್ಲವೂ ಒಮ್ಮೆಗೇ ನದಿಗೆ. ಚಳಿಗಾಲದ ಕೊನೆಯಲ್ಲಿ ಸೆಕೆಂಡಿಗೆ ಒಂದೆರಡು ಸಾವಿರ ಘನಮೀಟರ್ ಇದ್ದ ಹರಿವು ಜೂನ್‌ನಲ್ಲಿ 70,000 ದಾಟುತ್ತದೆ, ಅಂದರೆ ಸುಮಾರು 25 ಲಕ್ಷ ಕ್ಯುಸೆಕ್. ವರ್ಷದ ನೀರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಒಂದೇ ತಿಂಗಳಲ್ಲಿ ಸಮುದ್ರಕ್ಕೆ ಸುರಿಯುತ್ತದೆ. ಹೈಡ್ರೋಗ್ರಾಫ್ ಬಿಡಿಸಿದರೆ ಉದ್ದಕ್ಕೆ ಮಲಗಿದ ಗೆರೆಯ ಮಧ್ಯೆ ಒಂದು ಮೊಳೆ ಹೊಡೆದಂತೆ ಕಾಣುತ್ತೆ.

ಇನ್ನೊಂದು ತಮಾಷೆ, ಅಥವಾ ಅಲ್ಲಿನವರಿಗೆ ಗೋಳು. ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಮೇಲ್ಭಾಗ ಮೊದಲು ಕರಗುತ್ತದೆ, ಕೆಳಭಾಗ ಇನ್ನೂ ಗಟ್ಟಿಯಾಗಿರುತ್ತದೆ. ಪ್ರವಾಹ ಬಂದು ಮಂಜುಗಡ್ಡೆಯ ಅಣೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ಹೀಗೇ ಮುಳುಗಿತು. ಗಡ್ಡೆ ಒಡೆಯಲು ವಿಮಾನದಿಂದ ಬಾಂಬ್ ಹಾಕಬೇಕಾಯಿತು.

ಈಗ ಸಮುದ್ರ. ಹದಿನೆಂಟನೇ ಶತಮಾನದಲ್ಲಿ ಈ ತೀರವನ್ನು ಅಳೆದು ನಕ್ಷೆ ಮಾಡಿದ ದಿಮಿತ್ರಿ ಮತ್ತು ಖಾರಿತೋನ್ ಲಾಪ್ತೆವ್ ಎಂಬ ದಾಯಾದಿ ಸಹೋದರರ ಹೆಸರು ಇದಕ್ಕಿದೆ. ತೀರದ ಪಕ್ಕ ಸುಮಾರು 5 ಲಕ್ಷ ಚ.ಕಿ.ಮೀ. ಜಾಗದಲ್ಲಿ ಈ ಸಮುದ್ರ ಬರೀ ತಟ್ಟೆಯಂತಿದೆ. ಹೆಚ್ಚಿನ ಕಡೆ ಆಳ 50 ಮೀಟರ್ ಕೂಡ ಇಲ್ಲ. ಅಕ್ಟೋಬರ್‌ನಿಂದ ಜೂನ್‌ವರೆಗೆ ಮೇಲೆ ಮಂಜುಗಡ್ಡೆ. ಒಂದು ಸಣ್ಣ ಭಾಗಾಕಾರ ಮಾಡಿ: 530 ಘನ ಕಿ.ಮೀ. ನೀರನ್ನು 5 ಲಕ್ಷ ಚ.ಕಿ.ಮೀ. ಮೇಲೆ ಹರಡಿದರೆ ಎಷ್ಟು ದಪ್ಪ? ಒಂದು ಮೀಟರ್‌ಗೆ ಸ್ವಲ್ಪ ಮೇಲೆ. ಒಂದೇ ನದಿ, ಒಂದೇ ವರ್ಷದಲ್ಲಿ, ಇಡೀ ತಟ್ಟೆಯ ಮೇಲೆ ಸೊಂಟದೆತ್ತರದ ಸಿಹಿನೀರು ಸುರಿಯುತ್ತದೆ. 'ಸಮುದ್ರಕ್ಕೆ ನದಿ ಎಷ್ಟರದ್ದು' ಅನ್ನುವ ಮಾತು ಇಲ್ಲಿ ನಡೆಯಲ್ಲ. ಆರ್ಕ್ಟಿಕ್ ಮಹಾಸಾಗರ ಒಟ್ಟಾರೆ ಹಾಗೇ ಇದೆ: ಜಗತ್ತಿನ ಸಾಗರಗಳ ನೀರಿನಲ್ಲಿ ಅದರ ಪಾಲು ಶೇಕಡಾ 1ರಷ್ಟು, ನದಿಗಳ ನೀರಿನಲ್ಲಿ ಅದಕ್ಕೆ ಸಿಗುವ ಪಾಲು ಶೇಕಡಾ 10ರಷ್ಟು.

ಸರಿ, ನೀರು ಬಂತು. ಆಮೇಲೆ?

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಎರಡು ಬಗೆಯ ನೀರು ಭೇಟಿಯಾದಾಗ ಯಾವುದು ಮೇಲೆ, ಯಾವುದು ಕೆಳಗೆ ಅಂತ ತೀರ್ಮಾನಿಸುವವರು ಯಾರು? ಸಾಂದ್ರತೆ. ಸಾಂದ್ರತೆಯನ್ನು ತೀರ್ಮಾನಿಸುವುದು ಎರಡು ಸಂಗತಿ, ಉಷ್ಣತೆ ಮತ್ತು ಉಪ್ಪು. ಬಿಸಿಯಾದರೆ ಹಗುರ, ಉಪ್ಪಾದರೆ ಭಾರ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಈ ಇಬ್ಬರ ಬಲಾಬಲ ಎಲ್ಲ ಕಡೆ ಒಂದೇ ಅಲ್ಲ.

ಮಂಗಳೂರಿನ ಕಡಲಿನಂತೆ 28 ಡಿಗ್ರಿ ಇರುವ ನೀರನ್ನು ಒಂದು ಡಿಗ್ರಿ ಬಿಸಿ ಮಾಡಿದರೆ ಪ್ರತಿ ಘನಮೀಟರ್ ಸುಮಾರು 0.33 ಕೆಜಿ ಹಗುರಾಗುತ್ತದೆ. ಸೊನ್ನೆ ಡಿಗ್ರಿಯ ಸಮುದ್ರದ ನೀರನ್ನು ಅಷ್ಟೇ ಬಿಸಿ ಮಾಡಿದರೆ ಬರೀ 0.05 ಕೆಜಿ. ತಣ್ಣಗಾದಷ್ಟೂ ನೀರು ಉಷ್ಣತೆಯ ಮಾತು ಕೇಳುವುದನ್ನು ಬಿಡುತ್ತದೆ. ಉಪ್ಪಿನ ಮಾತನ್ನು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ಕೇಳುತ್ತದೆ. ಲವಣಾಂಶ, ಅಂದರೆ ಒಂದು ಕೆಜಿ ನೀರಿನಲ್ಲಿರುವ ಉಪ್ಪು, ಒಂದು ಗ್ರಾಂ ಹೆಚ್ಚಾದರೆ ಘನಮೀಟರ್‌ಗೆ 0.8 ಕೆಜಿ ಆಸುಪಾಸು ಭಾರ. ಅಂದರೆ ಮಂಗಳೂರಿನಲ್ಲಿ ಒಂದು ಗ್ರಾಂ ಉಪ್ಪು ಎರಡು ಚಿಲ್ಲರೆ ಡಿಗ್ರಿಗೆ ಸಮ. ಲಾಪ್ತೆವ್ ಸಮುದ್ರದಲ್ಲಿ ಅದೇ ಒಂದು ಗ್ರಾಂ ಸುಮಾರು 16 ಡಿಗ್ರಿಗೆ ಸಮ! ತಣ್ಣನೆಯ ಸಮುದ್ರದಲ್ಲಿ ಉಷ್ಣತೆಗೆ ಓಟಿನ ಹಕ್ಕೇ ಇಲ್ಲ ಅಂದರೂ ನಡೆಯುತ್ತೆ. ಯಾರು ಮೇಲೆ ಇರಬೇಕು ಅನ್ನುವುದನ್ನು ಉಪ್ಪು ಹೇಳುತ್ತದೆ, ಮತ್ತು ತೀರದ ಹತ್ತಿರ ಉಪ್ಪು ಎಲ್ಲಿ ಎಷ್ಟಿರಬೇಕು ಅನ್ನುವುದನ್ನು ನದಿ ಹೇಳುತ್ತದೆ. ಈ ಲೇಖನದಲ್ಲಿ ನೆನಪಿಡಬೇಕಾದದ್ದು ಇದೊಂದೇ. ಮುಂದಿನದೆಲ್ಲ ಇದರ ಬಾಲ.

ನಂಬಿಕೆ ಬರದಿದ್ದರೆ ಹಾಸ್ಟೆಲ್ ರೂಮಿನಲ್ಲೇ ಮಾಡಿ ನೋಡಬಹುದು. ಒಂದು ಲೀಟರ್ ನೀರಿಗೆ 35 ಗ್ರಾಂ, ಅಂದರೆ ಆರೇಳು ಟೀ ಚಮಚ ಉಪ್ಪು ಹಾಕಿ, ಕೆಟಲ್‌ನಲ್ಲಿ ಕೈ ಸುಡುವಷ್ಟು ಬಿಸಿ ಮಾಡಿ. ಗಾಜಿನ ಲೋಟಕ್ಕೆ ಅರ್ಧ ತುಂಬಿಸಿ. ಈಗ ಫ್ರಿಜ್ಜಿನ ತಣ್ಣೀರಿಗೆ ಎರಡು ಹನಿ ಇಂಕು ಹಾಕಿ ಮೇಲಿಂದ ನಿಧಾನವಾಗಿ ಬಿಡಿ. ನಾನು ಮೊದಲ ಸಲ ಸೀದಾ ಸುರಿದೆ, ಎಲ್ಲ ಕಲಸಿ ನೀಲಿಯಾಯಿತು. ಎರಡನೇ ಸಲ ಚಮಚವನ್ನು ನೀರಿನ ಮೇಲ್ಮೈಗೆ ತಾಗಿಸಿ ಹಿಡಿದು ಅದರ ಮೇಲೆ ಬಿಟ್ಟೆ. ತಣ್ಣೀರು ಮೇಲೆ, ಬಿಸಿನೀರು ಕೆಳಗೆ, ಮಧ್ಯೆ ಚೂರಿಯಿಂದ ಕೊಯ್ದಂಥ ಗೆರೆ. ಶಾಲೆಯಲ್ಲಿ ಕಲಿತ 'ಬಿಸಿ ನೀರು ಮೇಲೇರುತ್ತದೆ' ತಲೆಕೆಳಗಾಗಿ ನಿಂತಿತ್ತು.

ಲೋಟ ನೋಡುತ್ತಾ ಇನ್ನೊಂದು ಲೆಕ್ಕ ಹಾಕಬಹುದು. ಪ್ರಸರಣದಿಂದ ಒಂದು ಸೆಂಟಿಮೀಟರ್ ದಾಟಲು ಬೇಕಾಗುವ ಸಮಯ ಎಂದರೆ ದೂರದ ವರ್ಗವನ್ನು ಡಿಫ್ಯೂಸಿವಿಟಿಯಿಂದ ಭಾಗಿಸಿದಷ್ಟು. ಶಾಖಕ್ಕೆ ಇದು ಸುಮಾರು 12 ನಿಮಿಷ. ಉಪ್ಪಿಗೆ ಹೆಚ್ಚುಕಡಿಮೆ ಒಂದು ದಿನ. ಶಾಖ ಬೇಗ ಗಡಿ ದಾಟುತ್ತೆ, ಉಪ್ಪು ದಾಟಲ್ಲ. ಹಾಗಾಗಿ ಎರಡೂ ಪದರದ ಉಷ್ಣತೆ ಒಂದೇ ಆದ ಮೇಲೂ ಪದರಗಳು ಉಳಿಯುತ್ತವೆ. ಅವನ್ನು ಕೂಡಿಸಬೇಕೆಂದರೆ ಯಾರಾದರೂ ಚಮಚ ಹಾಕಿ ಕಲಕಬೇಕು. ಸಮುದ್ರದಲ್ಲಿ ಆ ಚಮಚ ಗಾಳಿ. ಈ ಮಾತು ಕೊನೆಯಲ್ಲಿ ಮತ್ತೆ ಬರುತ್ತೆ.

ಲೆನಾ ಡೆಲ್ಟಾದ ಎದುರು ನಡೆಯುವುದೂ ಇದೇ. ಬೇಸಿಗೆಯಲ್ಲಿ ಕೆಲವೇ ಮೀಟರ್ ದಪ್ಪದ ಸಿಹಿ ಅಥವಾ ಅರೆ-ಉಪ್ಪು ನೀರಿನ ಪದರ ಮುಚ್ಚಳದಂತೆ ಕಡಲಿನ ಮೇಲೆ ಹರಡಿಕೊಳ್ಳುತ್ತದೆ. ಜೌಗು ಮಣ್ಣಿನಿಂದ ಕರಗಿ ಬಂದ ಸಾವಯವ ವಸ್ತುಗಳಿಂದಾಗಿ ಆ ನೀರಿಗೆ ಕಪ್ಪು ಚಹಾದ ಬಣ್ಣ. ಕಂದು ನೀರು ಬಿಸಿಲನ್ನು ಹೆಚ್ಚು ಹೀರುತ್ತದೆ, ಹೀರಿದ ಶಾಖ ಮುಚ್ಚಳದಲ್ಲೇ ಉಳಿಯುತ್ತದೆ. ಹಾಗಾಗಿ ಮೇಲ್ಮೈಯಲ್ಲಿ ಐದಾರು ಡಿಗ್ರಿ ಇರುವಾಗಲೂ ಇಪ್ಪತ್ತು ಮೂವತ್ತು ಮೀಟರ್ ಕೆಳಗೆ ತಳದ ನೀರು ಸೊನ್ನೆಗಿಂತ ಒಂದು ಡಿಗ್ರಿ ಕೆಳಗೇ ಇರಬಹುದು. ತಳಕ್ಕೆ ಬೇಸಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಹಿಮಯುಗದಲ್ಲಿ ಈ ತಟ್ಟೆ ಒಣನೆಲವಾಗಿತ್ತು, ಆಗ ಹೆಪ್ಪುಗಟ್ಟಿದ ಮಣ್ಣು ಇವತ್ತಿಗೂ ಸಮುದ್ರದ ತಳದ ಕೆಳಗೆ ಇದೆ. ಅದರ ಮೇಲೆ ತಣ್ಣನೆಯ ನೀರು ನಿಂತಿರುವುದೇ ಅದಕ್ಕೆ ರಕ್ಷಣೆ.

ಜೀವಿಗಳಿಗೆ ಇದರಿಂದ ಒಳ್ಳೆಯದೇ, ಕೆಟ್ಟದ್ದೇ? ಎರಡೂ. ನದಿ ಸಿಲಿಕಾ ತರುತ್ತದೆ, ಆದರೆ ನೈಟ್ರೇಟ್ ಕಡಿಮೆ. ತಳದಲ್ಲಿರುವ ಪೋಷಕಾಂಶ ಮೇಲೆ ಬರದಂತೆ ಮುಚ್ಚಳ ತಡೆಯುತ್ತದೆ. ಕಂದು ಬಣ್ಣ ಬೆಳಕು ಕೆಳಗಿಳಿಯಲು ಬಿಡುವುದಿಲ್ಲ. ದೊಡ್ಡ ನದಿ ಬಂದು ಸೇರಿದ ಕಡೆಯೆಲ್ಲ ಮೀನು ತುಂಬಿ ತುಳುಕುತ್ತೆ ಅನ್ನುವ ಲೆಕ್ಕಾಚಾರ ಇಲ್ಲಿ ಸೀದಾ ಹಿಡಿಯುವುದಿಲ್ಲ.

ಈ ಮುಚ್ಚಳ ಯಾವ ದಿಕ್ಕಿಗೆ ಹೋಗುತ್ತದೆ? ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಹರಿಯುವ ನೀರು ಬಲಕ್ಕೆ ವಾಲುತ್ತದೆ. ಉತ್ತರಕ್ಕೆ ಮುಖ ಮಾಡಿದ ಲೆನಾಗೆ ಬಲ ಎಂದರೆ ಪೂರ್ವ. ಡೆಲ್ಟಾದ ಮುಖ್ಯ ಕವಲುಗಳೂ ಪೂರ್ವಕ್ಕೇ ತೆರೆದುಕೊಂಡಿವೆ. 10 ಮೀಟರ್ ದಪ್ಪದ, ಕೆಳಗಿನ ನೀರಿಗಿಂತ ಘನಮೀಟರ್‌ಗೆ 16 ಕೆಜಿ ಹಗುರಾದ ಪದರ ಎಂದುಕೊಳ್ಳಿ. ಅದು ಹರಡುವ ವೇಗ ಸೆಕೆಂಡಿಗೆ ಸುಮಾರು 1.25 ಮೀಟರ್ ಬರುತ್ತದೆ. ಅದನ್ನು 72 ಡಿಗ್ರಿ ಅಕ್ಷಾಂಶದ ಕೊರಿಯೊಲಿಸ್ ಸಂಖ್ಯೆ 0.000139ರಿಂದ ಭಾಗಿಸಿದರೆ 9 ಕಿ.ಮೀ. ಗಾಳಿಯೇ ಇಲ್ಲದಿದ್ದರೆ ನದಿಯ ನೀರು ಇಷ್ಟಗಲದ ಪಟ್ಟಿಯಾಗಿ ತೀರಕ್ಕೆ ಅಂಟಿಕೊಂಡು ಪೂರ್ವಕ್ಕೆ ಹೋಗಬೇಕು. ಆದರೆ ಲಾಪ್ತೆವ್ ಸಮುದ್ರದಲ್ಲಿ ಗಾಳಿ ಇಲ್ಲದ ದಿನ ಹುಡುಕಬೇಕು. ಕೆಲವು ಬೇಸಿಗೆಗಳಲ್ಲಿ ಗಾಳಿ ನೀರನ್ನು ಪೂರ್ವ ಸೈಬೀರಿಯಾದ ಸಮುದ್ರದ ಕಡೆ ತಳ್ಳುತ್ತದೆ. ಇನ್ನು ಕೆಲವು ಬೇಸಿಗೆಗಳಲ್ಲಿ ನೂರಾರು ಕಿಲೋಮೀಟರ್ ಉತ್ತರಕ್ಕೆ, ತಟ್ಟೆಯ ಅಂಚಿನವರೆಗೂ ಒಯ್ಯುತ್ತದೆ. ಅದೇ ನದಿ, ಅಷ್ಟೇ ನೀರು. ಮುಂದಿನ ಚಳಿಗಾಲ ಮಾತ್ರ ಬೇರೆ ಬೇರೆ.

ಚಳಿಗಾಲಕ್ಕೆ ಬಂದೆವಲ್ಲ, ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಸಂಖ್ಯೆ ಇಲ್ಲಿದೆ: 24.7. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ ಎಂದು ಓದಿದ್ದೇವೆ. ಉಪ್ಪು ಹಾಕುತ್ತಾ ಹೋದಂತೆ ಈ ಅತಿ ಭಾರದ ಉಷ್ಣತೆ ಇಳಿಯುತ್ತದೆ, ಹೆಪ್ಪುಗಟ್ಟುವ ಉಷ್ಣತೆಯೂ ಇಳಿಯುತ್ತದೆ. ಮೊದಲನೆಯದು ಹೆಚ್ಚು ವೇಗವಾಗಿ ಇಳಿದು, ಲವಣಾಂಶ 24.7 ಆದಾಗ ಮೈನಸ್ 1.33 ಡಿಗ್ರಿಯಲ್ಲಿ ಎರಡೂ ಒಂದಾಗುತ್ತವೆ. ಅದಕ್ಕಿಂತ ಉಪ್ಪಾದ ನೀರು ಹೆಪ್ಪುಗಟ್ಟುವ ತನಕವೂ ತಣ್ಣಗಾದಷ್ಟು ಭಾರವಾಗುತ್ತಲೇ ಇರುತ್ತದೆ. ಮೇಲೆ ತಣ್ಣಗಾದ ನೀರು ಮುಳುಗಿ, ಕೆಳಗಿನ ನೀರು ಮೇಲೆ ಬಂದು, ಹೀಗೆ ಕಲಕಿಕೊಳ್ಳುವ ಪದರ ಪೂರ್ತಿ ತಣ್ಣಗಾದ ಮೇಲೇ ಐಸ್ ಕಟ್ಟುವುದು. ಅದಕ್ಕಿಂತ ಸಪ್ಪೆ ನೀರು ಕೆರೆಯ ಹಾಗೆ ನಡೆದುಕೊಳ್ಳುತ್ತದೆ. ಒಂದು ಹಂತದ ನಂತರ ತಣ್ಣನೆಯ ನೀರೇ ಹಗುರ, ಅದು ಮೇಲೆ ಕುಳಿತುಬಿಡುತ್ತದೆ, ಬೇಗ ಹೆಪ್ಪುಗಟ್ಟುತ್ತದೆ.

ಲೆನಾ ಮಾಡುವ ಕೆಲಸ ಈಗ ಸ್ಪಷ್ಟವಾಗುತ್ತದೆ. ಮುಚ್ಚಳ ಇಲ್ಲದಿದ್ದರೆ 40 ಮೀಟರ್ ನೀರು ಪೂರ್ತಿ ತಣ್ಣಗಾಗಬೇಕು. ಇದ್ದರೆ ಮೇಲಿನ 10 ಮೀಟರ್ ತಣ್ಣಗಾದರೆ ಸಾಕು. ಆಕಾಶಕ್ಕೆ ಕೊಡಬೇಕಾದ ಶಾಖ ನಾಲ್ಕನೇ ಒಂದು. ಬೇಸಿಗೆಯ ಆರಂಭದಲ್ಲಿ ಬೆಚ್ಚಗಿನ ನೀರು ತಂದು ಡೆಲ್ಟಾದ ಸುತ್ತಲಿನ ಐಸ್ ಬೇಗ ಕರಗಿಸುವ ನದಿಯೇ, ಶರತ್ಕಾಲದಲ್ಲಿ ಹೊಸ ಐಸ್ ಬೇಗ ಕಟ್ಟಲು ನೆಲೆ ಮಾಡಿಕೊಡುತ್ತದೆ. ನದಿ ಕರಗಿಸುತ್ತದೋ ಕಟ್ಟುತ್ತದೋ ಅಂತ ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಇಲ್ಲ, ಯಾವ ತಿಂಗಳು ಅಂತ ಕೇಳಬೇಕು.

ಹೀಗೆ ಹುಟ್ಟಿದ ಐಸ್ ಅಲ್ಲೇ ಇರುವುದಿಲ್ಲ. ಚಳಿಗಾಲದಲ್ಲಿ ನೆಲದ ಕಡೆಯಿಂದ ಬೀಸುವ ಗಾಳಿ ತೇಲುಗಡ್ಡೆಯನ್ನು ಆಚೆಗೆ ತಳ್ಳಿ, ತೀರಕ್ಕೆ ಅಂಟಿದ ಗಡ್ಡೆಗೂ ಅದಕ್ಕೂ ನಡುವೆ ನೀರು ಬಯಲಾಗುವಂತೆ ಮಾಡುತ್ತದೆ. ಬಯಲಾದ ನೀರು ಹೆಪ್ಪುಗಟ್ಟುತ್ತದೆ, ಅದನ್ನೂ ಗಾಳಿ ತಳ್ಳುತ್ತದೆ, ಮತ್ತೆ ನೀರು, ಮತ್ತೆ ಐಸ್. ಆದ್ದರಿಂದಲೇ ಲಾಪ್ತೆವ್ ಸಮುದ್ರಕ್ಕೆ ಆರ್ಕ್ಟಿಕ್‌ನ ಐಸ್ ಕಾರ್ಖಾನೆ ಎಂಬ ಹೆಸರು. ಮಾಲು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಾದದ್ದು ಒಂದು ದುರಂತದಿಂದ. 1881ರ ಜೂನ್‌ನಲ್ಲಿ ಅಮೆರಿಕದ ಜೀನೆಟ್ ಎಂಬ ಹಡಗು ನ್ಯೂ ಸೈಬೀರಿಯನ್ ದ್ವೀಪಗಳ ಆಚೆ ಮಂಜುಗಡ್ಡೆಗೆ ಸಿಕ್ಕಿ ನುಚ್ಚುನೂರಾಯಿತು. ಕ್ಯಾಪ್ಟನ್ ಡಿ ಲಾಂಗ್ ಮತ್ತು ಜೊತೆಗಿದ್ದ ಹಲವರು ಲೆನಾ ಡೆಲ್ಟಾದವರೆಗೂ ಬಂದು ಅಲ್ಲಿ ಹಸಿವು ಚಳಿಯಲ್ಲಿ ಸತ್ತರು. ಮೂರು ವರ್ಷದ ನಂತರ ಆ ಹಡಗಿನ ಸಾಮಾನು ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕಿತು. ಆ ತೀರಗಳಲ್ಲಿ ಸೈಬೀರಿಯಾದ ಮರದ ದಿಮ್ಮಿಗಳೂ ಬಂದು ಬಿದ್ದಿರುತ್ತಿದ್ದವು.

ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಇದನ್ನೆಲ್ಲ ಜೋಡಿಸಿ, 1893ರಲ್ಲಿ ಫ್ರಾಮ್ ಎಂಬ ದುಂಡು ತಳದ ಹಡಗನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿದ. ಮೂರು ವರ್ಷ ತೇಲಿ ಹಡಗು ಸ್ವಾಲ್‌ಬಾರ್ಡ್ ಬಳಿ ಹೊರಬಂತು. ಆ ಯಾನದಲ್ಲಿ ನಮ್ಮ ಲೋಟದ ಪ್ರಯೋಗವೇ ಎರಡು ಸಲ ಎದುರಾಯಿತು. ಸೈಬೀರಿಯಾದ ತೀರದಲ್ಲಿ ಒಂದು ಕಡೆ ಎಂಜಿನ್ ಪೂರ್ತಿ ಓಡುತ್ತಿದ್ದರೂ ಹಡಗು ಮುಂದೆ ಹೋಗದೆ ಎಳೆದಾಡಿತು. ಮೇಲಿನ ಸಿಹಿನೀರಿಗೂ ಕೆಳಗಿನ ಉಪ್ಪುನೀರಿಗೂ ನಡುವಿನ ಗಡಿಯಲ್ಲಿ ಕಣ್ಣಿಗೆ ಕಾಣದ ಅಲೆ ಎಬ್ಬಿಸಲು ಹಡಗಿನ ಶಕ್ತಿಯೆಲ್ಲ ಖರ್ಚಾಗುತ್ತಿತ್ತು ಎಂದು ಮುಂದೆ ಎಕ್‌ಮನ್ ವಿವರಿಸಿದ. ಎರಡನೆಯದು ಇನ್ನೂ ದೊಡ್ಡದು. ಆರ್ಕ್ಟಿಕ್‌ನ ತಣ್ಣನೆಯ ಸಪ್ಪೆ ನೀರಿನ ಕೆಳಗೆ, ಅಟ್ಲಾಂಟಿಕ್‌ನಿಂದ ಬಂದ ಬೆಚ್ಚಗಿನ ಉಪ್ಪುನೀರು ಇರುವುದನ್ನು ನಾನ್ಸೆನ್ ಅಳೆದ. ಮೇಲಿನ ಐಸನ್ನು ಕರಗಿಸಲು ಸಾಲುವಷ್ಟು ಶಾಖ ಅಲ್ಲಿದೆ. ಮೇಲೆ ಬರದಂತೆ ಅದನ್ನು ತಡೆದಿರುವುದು ಉಪ್ಪಿನ ವ್ಯತ್ಯಾಸ, ಅದನ್ನು ಕಾಯ್ದುಕೊಂಡಿರುವುದರಲ್ಲಿ ಲೆನಾ, ಯೆನಿಸೆಯ್, ಓಬ್ ನದಿಗಳ ಪಾಲು ದೊಡ್ಡದು. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವುದು ಇದೇ ಸ್ವಾಲ್‌ಬಾರ್ಡಿನಲ್ಲಿ. ಆ ದ್ವೀಪಗಳ ತೀರದಲ್ಲಿ ಇವತ್ತಿಗೂ ಸೈಬೀರಿಯಾದ ದಿಮ್ಮಿಗಳು ಬಂದು ಬೀಳುತ್ತವೆ.

ಈಗ ಬೇಸರದ ಭಾಗ. ಸೋವಿಯತ್ ಎಂಜಿನಿಯರುಗಳಿಗೂ ಈ ನದಿಗಳ ನೀರು ವ್ಯರ್ಥ ಅನ್ನಿಸಿತ್ತು. ಓಬ್ ಮತ್ತು ಇರ್ತಿಶ್ ನೀರಿನ ಒಂದು ಪಾಲನ್ನು ದಕ್ಷಿಣದ ಹತ್ತಿ ಹೊಲಗಳಿಗೆ ತಿರುಗಿಸುವ ಯೋಜನೆ ದಶಕಗಳ ಕಾಲ ಮೇಜಿನ ಮೇಲಿತ್ತು. ಪೆಚೋರಾ ನದಿಯ ಕಾಲುವೆಗಾಗಿ 1971ರಲ್ಲಿ ಮೂರು ಅಣುಸ್ಫೋಟವನ್ನೂ ಮಾಡಿದರು, ನೆಲ ಅಗೆಯಲು! ಮೇಲಿನ ಸಪ್ಪೆ ಪದರ ತೆಳುವಾದರೆ ಆರ್ಕ್ಟಿಕ್‌ನ ಐಸ್ ಉಳಿಯುತ್ತದೆಯೇ ಎಂದು ಆಗಾರ್ಡ್ ಮತ್ತು ಕೋಚ್‌ಮನ್ ಎಂಬ ಅಮೆರಿಕದ ಇಬ್ಬರು ಸಾಗರವಿಜ್ಞಾನಿಗಳು 1975ರಲ್ಲಿ ಪ್ರಶ್ನೆ ಎತ್ತಿದ್ದರು. ಖರ್ಚು, ಪರಿಸರ, ದೇಶದೊಳಗಿನ ವಿರೋಧ ಎಲ್ಲ ಸೇರಿ 1986ರ ಆಗಸ್ಟ್‌ನಲ್ಲಿ ಯೋಜನೆ ನಿಂತಿತು.

ನದಿ ತಿರುಗಿಸಲಿಲ್ಲ, ಆದರೂ ನದಿ ಬದಲಾಗುತ್ತಿದೆ. 1936ರಿಂದ 1999ರ ನಡುವೆ ಆರ್ಕ್ಟಿಕ್‌ಗೆ ಹರಿಯುವ ಯುರೇಷಿಯಾದ ಆರು ದೊಡ್ಡ ನದಿಗಳ ನೀರು ಶೇಕಡಾ 7ರಷ್ಟು ಹೆಚ್ಚಿತು. ಹಾಗಾದರೆ ಮುಚ್ಚಳ ಇನ್ನೂ ಗಟ್ಟಿಯಾಯಿತಲ್ಲ, ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಇಲ್ಲೇ ಚಮಚದ ಮಾತು ಬರುವುದು. ಮೊದಲು ವರ್ಷದ ಒಂಬತ್ತು ತಿಂಗಳು ಐಸ್ ಹೊದಿಕೆ ಗಾಳಿಯಿಂದ ನೀರನ್ನು ಕಾಯುತ್ತಿತ್ತು. ಈಗ ಬಯಲು ನೀರಿನ ಕಾಲ ಉದ್ದವಾಗುತ್ತಿದೆ. ಬಿಸಿಲು ಹೆಚ್ಚು ಹೊತ್ತು ಕಾಯಿಸುತ್ತದೆ, ಗಾಳಿ ಹೆಚ್ಚು ಹೊತ್ತು ಕಲಕುತ್ತದೆ, ಮೇಲಿನ ಶಾಖ ತಳದ ಕಡೆಗೆ ಇಳಿಯುತ್ತದೆ. 2020ರ ಜೂನ್ 20ರಂದು ಲಾಪ್ತೆವ್ ಸಮುದ್ರಕ್ಕೇ ಹರಿಯುವ ಯಾನಾ ನದಿಯ ದಂಡೆಯ ವೆರ್ಖೊಯಾನ್ಸ್ಕ್‌ನಲ್ಲಿ 38 ಡಿಗ್ರಿ ದಾಖಲಾಯಿತು. ಆ ವರ್ಷ ಅಕ್ಟೋಬರ್ ಕೊನೆ ಬಂದರೂ ಲಾಪ್ತೆವ್ ಸಮುದ್ರ ಹೆಪ್ಪುಗಟ್ಟಲು ಶುರು ಮಾಡಿರಲಿಲ್ಲ. ಉಪಗ್ರಹ ದಾಖಲೆ ಆರಂಭವಾದ ಮೇಲೆ ಹಾಗಾದದ್ದು ಅದೇ ಮೊದಲು. ಕಾರ್ಖಾನೆಯ ಬಾಗಿಲು ತಡವಾಗಿ ತೆರೆಯಿತು.

ಕಲಕಲು ಎಷ್ಟು ಶಕ್ತಿ ಬೇಕು ಎಂದು ನೀವೇ ಲೆಕ್ಕ ಹಾಕಿ ನೋಡಿ. ಮೇಲೆ 5 ಮೀಟರ್ ಪದರ, ಕೆಳಗೆ 15 ಮೀಟರ್ ಪದರ. ಪೂರ್ತಿ ಬೆರೆಸಲು ಪ್ರತಿ ಚದರ ಮೀಟರ್‌ಗೆ ಬೇಕಾದ ಶಕ್ತಿ, ಎರಡು ದಪ್ಪಗಳ ಗುಣಲಬ್ಧವನ್ನು ಸಾಂದ್ರತೆಯ ವ್ಯತ್ಯಾಸದಿಂದಲೂ ಗುರುತ್ವದಿಂದಲೂ ಗುಣಿಸಿ ಅರ್ಧ ಮಾಡಿದಷ್ಟು. ಗುರುತ್ವ ಕೇಂದ್ರ ಎಷ್ಟು ಮೇಲೇರುತ್ತದೆ ಎಂದು ನೋಡಿದರೆ ಈ ಸೂತ್ರ ಎರಡು ಸಾಲಿನಲ್ಲಿ ಬರುತ್ತದೆ. ಮೊದಲ ಸಲ ಮೇಲಿನದು ನದಿಯ ನೀರು, ಲವಣಾಂಶ 10, ಕೆಳಗಿನದು 30. ವ್ಯತ್ಯಾಸ 16 ಕೆಜಿ. ಎರಡನೇ ಸಲ ನದಿಯೇ ಇಲ್ಲ, ಎರಡೂ ಪದರದ ಲವಣಾಂಶ 30, ಮೇಲೆ 5 ಡಿಗ್ರಿ, ಕೆಳಗೆ ಮೈನಸ್ 1; ವ್ಯತ್ಯಾಸ ಬರೀ 0.4 ಕೆಜಿ. ನನಗೆ ಬಂದ ಉತ್ತರ: ಮೊದಲನೆಯದಕ್ಕೆ ಸುಮಾರು 5,900 ಜೂಲ್, ಎರಡನೆಯದಕ್ಕೆ 150.